ಗಾಜಿನ ಬಾಗಿಲಿಗೆ ಮರುಳಾಗುವ ಮೊದಲು ಡ್ರಾಯರ್ ಎಳೆದು ನೋಡಿ

ನಮ್ಮ ಮನೆಯ ದೋಸೆ ಹಿಟ್ಟಿನ ಸ್ಟೀಲ್ ಡಬ್ಬಿಯ ಎತ್ತರ ಮುಚ್ಚಳವೂ ಸೇರಿ 22 ಸೆಂಟಿಮೀಟರ್. ಮೇಲೆ ವೈನ್ ಕೂಲರ್, ಕೆಳಗೆ ಎರಡು ಫ್ರಿಜ್ ಡ್ರಾಯರ್ ಇರುವ ಜೋಡಿ ಯಂತ್ರವೊಂದನ್ನು ಕೊಳ್ಳಲು ಹೊರಟಾಗ ನಾನು ಮೊದಲು ಅಳೆದು ಬರೆದಿಟ್ಟುಕೊಳ್ಳಬೇಕಾಗಿದ್ದ ಸಂಖ್ಯೆ ಅದೇ. ಆದರೆ ನಾನು ಅದನ್ನು ಅಳೆದದ್ದು ನಾಲ್ಕು ಅಂಗಡಿ ಸುತ್ತಿದ ಮೇಲೆ. ಆ ನಾಲ್ಕೂ ಅಂಗಡಿಗಳಲ್ಲಿ ಮಾತು ಶುರುವಾದದ್ದು ಗಾಜಿನ ಬಾಗಿಲಿನಿಂದ: ಒಳಗಿನ ಎಲ್‌ಇಡಿ ಬೆಳಕು, ಬೀಚ್ ಮರದ ಹಲಗೆಗಳು, ಕೆಂಪು ಮತ್ತು ಬಿಳಿ ವೈನಿಗೆ ಬೇರೆ ಬೇರೆ ಉಷ್ಣತೆ. ಡ್ರಾಯರುಗಳ ಬಗ್ಗೆ ಕೇಳಿದರೆ ಒಂದನ್ನು ಎಳೆದು ತೋರಿಸಿ, ಮೆಲ್ಲಗೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿ ಮುಗಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನಾವು ಅಡುಗೆಮನೆಯನ್ನು ಹೊಸದಾಗಿ ಮಾಡಿಸಿ ಈಗ ಹದಿನಾಲ್ಕು ತಿಂಗಳಾಗಿವೆ. ಇಲ್ಲಿನ ಕನ್ನಡದ ಸ್ನೇಹಿತರಲ್ಲಿ ಇಬ್ಬರು ಇದೇ ಕೆಲಸಕ್ಕೆ ಕೈಹಾಕಿ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದರಿಂದ, ನನ್ನ ಅಭಿಪ್ರಾಯವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು: ಇಂಥ ಯಂತ್ರವನ್ನು ಡ್ರಾಯರಿಗಾಗಿ ಆರಿಸಬೇಕು, ವೈನಿಗಾಗಿ ಅಲ್ಲ. ವೈನ್ ತಾಳ್ಮೆಯ ಪದಾರ್ಥ. ಅದನ್ನು ಇಡಲು 12ರಿಂದ 13 ಡಿಗ್ರಿ ಸೆಲ್ಸಿಯಸ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಅದು 10ಕ್ಕೆ ಇಳಿದರೂ 15ಕ್ಕೆ ಏರಿದರೂ, ಏರಿಳಿತ ದಿನದಿನವೂ ಆಗದಿದ್ದರೆ, ಆರು ತಿಂಗಳಲ್ಲಿ ಕುಡಿದು ಮುಗಿಸುವ ಬಾಟಲಿಗೆ ಏನೂ ಆಗುವುದಿಲ್ಲ. ಹಾಲಿಗೆ ಆ ತಾಳ್ಮೆಯಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಫ್ರಿಜ್ಜಿನೊಳಗೆ 40 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ಹೇಳುತ್ತದೆ. ಡ್ರಾಯರ್ 7 ಅಥವಾ 8ರಲ್ಲಿ ನಿಂತರೆ ಮೊಸರು ಎರಡೇ ದಿನಕ್ಕೆ ಹುಳಿಯಾಗುತ್ತದೆ, ಕೊತ್ತಂಬರಿ ಸೊಪ್ಪು ಹಳದಿ ತಿರುಗುತ್ತದೆ, ದೋಸೆ ಹಿಟ್ಟು ಫ್ರಿಜ್ಜಿನೊಳಗೇ ಉಬ್ಬಿ ಮುಚ್ಚಳ ಎತ್ತುತ್ತದೆ. ಇನ್ನೊಂದು ಲೆಕ್ಕವೂ ಇದೆ. ವೈನಿನ ಬಾಗಿಲನ್ನು ನಾವು ವಾರಕ್ಕೆ ಎರಡು ಸಲ ತೆರೆಯುತ್ತೇವೆ. ಡ್ರಾಯರನ್ನು ಬೆಳಗಿನ ಕಾಫಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಎಳೆಯುತ್ತಲೇ ಇರುತ್ತೇವೆ. ಹೆಚ್ಚು ಕೆಲಸ ಮಾಡುವ, ಕಡಿಮೆ ಸಹಿಸುವ ಭಾಗ ಯಾವುದೋ ಅದನ್ನು ಮೊದಲು ಪರೀಕ್ಷಿಸಬೇಕಲ್ಲವೇ?

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಅಮೆರಿಕದ ಇಂಧನ ಇಲಾಖೆ ವೈನ್ ಕೂಲರ್ ಮತ್ತು ಫ್ರಿಜ್ ಕೂಡಿದ ಯಂತ್ರಗಳನ್ನು ಬೇರೆಯದೇ ವರ್ಗವಾಗಿ ಗುರುತಿಸಿ, ಅವುಗಳ ವಿದ್ಯುತ್ ಬಳಕೆಗೆ 2019ರ ಅಕ್ಟೋಬರ್ 28ರಿಂದ ಮಿತಿ ಹಾಕಿದೆ. ಆ ನಿಯಮದ ವ್ಯಾಖ್ಯೆಯಲ್ಲಿ ‘ಕೂಲರ್’ ಎನ್ನುವುದು ಫ್ರಿಜ್ಜಿನಷ್ಟು ತಣ್ಣಗಾಗಲೇಬೇಕೆಂದಿಲ್ಲದ ಪೆಟ್ಟಿಗೆ. ಆಹಾರ ಇಡುವ ಫ್ರಿಜ್ ಮಾತ್ರ 39 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ನಿಲ್ಲಬಲ್ಲದ್ದಾಗಿರಬೇಕು. ಆದ್ದರಿಂದ ಜೋಡಿ ಯಂತ್ರದ ಕೆಳಭಾಗ ‘ರೆಫ್ರಿಜರೇಟರ್ ಡ್ರಾಯರ್’ ಎಂದಿದೆಯೋ ‘ಬೆವರೇಜ್ ಡ್ರಾಯರ್’ ಎಂದಿದೆಯೋ ನೋಡಿಕೊಳ್ಳುವುದು ಮುಖ್ಯ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕೈಪಿಡಿಯಲ್ಲಿ ಡ್ರಾಯರಿನ ಅತಿ ಕಡಿಮೆ ಉಷ್ಣತೆ ಎಷ್ಟೆಂದು ಬರೆದಿರುತ್ತಾರೆ. ಅದು 2 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯದಿದ್ದರೆ ಅದರಲ್ಲಿ ಸೋಡ ಬಾಟಲಿ ಇಡಬಹುದೇ ಹೊರತು ಹಾಲು ಮೊಸರು ಇಡಬಾರದು.

ಇನ್ನು ಯಂತ್ರದ ಹೊಟ್ಟೆಯೊಳಗಿನ ವಿಷಯ. ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಕಂಪ್ರೆಸರ್ ಒಂದೇ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ತಂಪು ಹುಟ್ಟುವ ಕೊಳವೆಗಳ ಸುರುಳಿ, ಅಂದರೆ ಇವ್ಯಾಪೊರೇಟರ್, ಒಂದೇ ಇದೆಯೋ ಎರಡಿವೆಯೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಇದ್ದರೆ, ಡ್ರಾಯರಿಗೆಂದು ತಣ್ಣಗಾದ ಗಾಳಿಯನ್ನೇ ಒಂದು ಸಣ್ಣ ಮುಚ್ಚಳದ ಮೂಲಕ ಅಳತೆ ಮಾಡಿ ವೈನಿನ ಭಾಗಕ್ಕೂ ಬಿಡುತ್ತಾರೆ. ಇದರಿಂದ ಮೂರು ತೊಂದರೆಗಳು ಹುಟ್ಟುತ್ತವೆ. ತುಂಬ ತಣ್ಣಗಿನ ಸುರುಳಿಯ ಮೇಲೆ ಗಾಳಿಯ ತೇವವೆಲ್ಲ ಹಿಮವಾಗಿ ಕೂರುವುದರಿಂದ ವೈನಿನ ಭಾಗಕ್ಕೆ ಬರುವ ಗಾಳಿ ಒಣಗಿರುತ್ತದೆ. ಕಾರ್ಕ್ ಹಾಕಿದ ಬಾಟಲಿಯನ್ನು ವರ್ಷಗಟ್ಟಲೆ ಇಡುವವರಿಗೆ ಶೇಕಡ 50ರಿಂದ 70ರಷ್ಟು ತೇವ ಬೇಕು, ಇಲ್ಲದಿದ್ದರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ಎರಡನೆಯದು ವಾಸನೆ. ನಮ್ಮ ಡ್ರಾಯರಿನಲ್ಲಿ ಹೆಚ್ಚಿಟ್ಟ ಈರುಳ್ಳಿ ಇರುತ್ತದೆ, ಇಂಗು ಹಾಕಿದ ಗೊಜ್ಜು ಇರುತ್ತದೆ, ಹುಳಿ ಬಂದ ಹಿಟ್ಟು ಇರುತ್ತದೆ. ಆ ಗಾಳಿಯೇ ಮೇಲಕ್ಕೂ ಹೋಗಿ ಮರದ ಹಲಗೆಗಳಲ್ಲಿ ನೆಲೆಸುತ್ತದೆ. ಮೂರನೆಯದೇ ನನಗೆ ಹೆಚ್ಚು ಮುಖ್ಯ. ಕಂಪ್ರೆಸರಿಗೆ ‘ಈಗ ಓಡು’ ಎಂದು ಹೇಳುವುದು ಯಾವ ಭಾಗದ ಉಷ್ಣತೆ? ಒಂದು ಭಾಗದ ಮಾತನ್ನು ಮಾತ್ರ ಕೇಳುವ ಯಂತ್ರದಲ್ಲಿ ಇನ್ನೊಂದು ಭಾಗ ತನ್ನ ಪಾಡಿಗೆ ತಾನು ಏರುತ್ತದೆ, ಇಳಿಯುತ್ತದೆ. ಎರಡು ಇವ್ಯಾಪೊರೇಟರ್, ಎರಡು ಫ್ಯಾನ್, ಎರಡು ಸೆನ್ಸರ್ ಇದ್ದರೆ ಒಂದರ ಗಾಳಿ ಇನ್ನೊಂದಕ್ಕೆ ಸೇರುವುದಿಲ್ಲ, ಒಂದರ ಲೆಕ್ಕ ಇನ್ನೊಂದನ್ನು ಕೆಡಿಸುವುದಿಲ್ಲ. ಬೆಲೆ ಹೆಚ್ಚಾದರೂ ಹಣ ಹಾಕಬೇಕಾದದ್ದು ಇದಕ್ಕೇ. ತಿರುಪಿನ ಮುಚ್ಚಳದ ವೈನನ್ನು ತಂದು ತಿಂಗಳೊಳಗೆ ಮುಗಿಸುವವರಿಗೆ ತೇವದ ಚಿಂತೆ ಬೇಕಿಲ್ಲ. ಡ್ರಾಯರಿನ ಚಿಂತೆ ಮಾತ್ರ ಅವರಿಗೂ ತಪ್ಪಿದ್ದಲ್ಲ.

ಕಂಪ್ರೆಸರ್ ಇಲ್ಲದ, ಸದ್ದೇ ಮಾಡದ ಪೆಟ್ಟಿಗೆಗಳೂ ಇವೆ. ಅವು ಫ್ರಾನ್ಸಿನ ವಿಜ್ಞಾನಿ ಪೆಲ್ಟಿಯರ್ 1834ರಲ್ಲಿ ಗುರುತಿಸಿದ ಗುಣವನ್ನು ಬಳಸುತ್ತವೆ: ಎರಡು ಬೇರೆ ವಸ್ತುಗಳ ಸಂಧಿಯಲ್ಲಿ ವಿದ್ಯುತ್ ಹರಿದಾಗ ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿಯಾಗುತ್ತದೆ. ಹಳೆಯ ಅಡುಗೆಮನೆಯ ಕಾಲದಲ್ಲಿ ಅಂಥದ್ದೊಂದು ಸಣ್ಣ ವೈನ್ ಪೆಟ್ಟಿಗೆಯನ್ನು ತಂದು ಗ್ಯಾರೇಜಿನಲ್ಲಿಟ್ಟಿದ್ದೆವು. ಈ ಪೆಟ್ಟಿಗೆಗಳು ಸುತ್ತಲಿನ ಗಾಳಿಗಿಂತ ಹತ್ತು ಹದಿನೈದು ಡಿಗ್ರಿಯಷ್ಟೇ ತಣ್ಣಗಾಗಬಲ್ಲವು ಎನ್ನುವುದು ಕೊಂಡಾಗ ನನಗೆ ತಿಳಿದಿರಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಬಿಸಿಗಾಳಿಯಲ್ಲಿ ಲಿವರ್‌ಮೋರ್‌ನ ಉಷ್ಣತೆ 46 ಡಿಗ್ರಿ ದಾಟಿತು. ಮೂರನೆಯ ದಿನ ಗ್ಯಾರೇಜಿನ ಬಾಗಿಲು ತೆರೆದರೆ ಪೆಟ್ಟಿಗೆಯ ಫಲಕ 29 ಡಿಗ್ರಿ ತೋರಿಸುತ್ತಿತ್ತು. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಎತ್ತಿಟ್ಟಿದ್ದ ಬಾಟಲಿಯ ಕಾರ್ಕ್ ಬೆರಳ ಉಗುರಿನಷ್ಟು ಮೇಲೆದ್ದು, ಕತ್ತಿನ ಸುತ್ತ ಕೆಂಪು ಅಂಟು ಇಳಿದಿತ್ತು. ಬಿಸಿಲಿನ ಊರಿನಲ್ಲಿರುವವರು ಕಂಪ್ರೆಸರ್ ಇರುವುದನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಆ ಬಾಟಲಿಯನ್ನು ನೆನೆದು.

ಬಿಸಿಗಾಳಿ ಹೊರಹೋಗುವ ದಾರಿಯ ಬಗ್ಗೆ ಒಂದು ಮಾತು. ಕ್ಯಾಬಿನೆಟ್ಟಿನೊಳಗೆ ಕೂರಿಸುವ ಯಂತ್ರ ಮುಂದಿನಿಂದಲೇ, ಸಾಮಾನ್ಯವಾಗಿ ಕಾಲಿನ ಹತ್ತಿರದ ಜಾಲರಿಯಿಂದ, ಉಸಿರಾಡುವಂಥದ್ದಾಗಿರಬೇಕು. ಹಿಂದಿನಿಂದ ಬಿಸಿ ಬಿಡುವ, ಬಿಡಿಯಾಗಿ ನಿಲ್ಲುವ ಯಂತ್ರವನ್ನು ಅಗ್ಗವೆಂದು ತಂದು ಕಟ್ಟೆಯ ಕೆಳಗೆ ತಳ್ಳಿದರೆ ಕಂಪ್ರೆಸರ್ ಹೆಚ್ಚು ಕಾಲ ಬಾಳುವುದಿಲ್ಲ. ನಮ್ಮ ಮನೆಯಲ್ಲಿ ಯಂತ್ರ ಸರಿಯಾದದ್ದೇ ಇತ್ತು, ಆದರೆ ಮರಗೆಲಸದವರು ಅಂದಕ್ಕೆಂದು ಜಾಲರಿಯ ಮುಂದೆ ಹಲಗೆಯ ಪಟ್ಟಿ ಹೊಡೆದಿದ್ದರು. ಹತ್ತು ದಿನ ಕಂಪ್ರೆಸರ್ ನಿಲ್ಲದೆ ಓಡಿತು. ಆ ಪಟ್ಟಿಯನ್ನು ತೆಗೆಸಿದ ಮರುದಿನವೇ ಸರಿಹೋಯಿತು.

ಈಗ ಡ್ರಾಯರಿಗೆ ಬರುತ್ತೇನೆ. ತಣ್ಣಗಿನ ಗಾಳಿ ಭಾರವಾದದ್ದು. ಬಾಗಿಲಿನ ಫ್ರಿಜ್ ತೆರೆದಾಗ ಅದು ನಮ್ಮ ಪಾದದ ಮೇಲೆ ಸುರಿದುಹೋಗುವಂತೆ ಡ್ರಾಯರ್ ಎಳೆದಾಗ ಸುರಿಯುವುದಿಲ್ಲ, ತೊಟ್ಟಿಯಲ್ಲಿನ ನೀರಿನಂತೆ ಬಹುಪಾಲು ಒಳಗೇ ನಿಲ್ಲುತ್ತದೆ. ಇದು ಡ್ರಾಯರಿನ ದೊಡ್ಡ ಗುಣ. ಅದರ ದೊಡ್ಡ ದೋಷವೆಂದರೆ, ಅದು ಬಿಗಿಯಾಗಿ ಮುಚ್ಚುವುದು ಕೀಲಿನಿಂದಲ್ಲ, ಎರಡು ಬದಿಯ ಹಳಿಗಳಿಂದ. ಭಾರ ಹೆಚ್ಚಾಗಿ ಹಳಿ ಕೂದಲೆಳೆಯಷ್ಟು ವಾಲಿದರೂ ಸುತ್ತಲಿನ ರಬ್ಬರ್ ಪಟ್ಟಿ ಒಂದು ಮೂಲೆಯಲ್ಲಿ ಬಾಯಿ ಬಿಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಖಾಲಿ ಡ್ರಾಯರನ್ನು ಎಳೆದು ನೋಡಿದರೆ ಸಾಲದು. ನಾನು ಕೊನೆಗೆ ಕೊಂಡ ಅಂಗಡಿಗೆ ನಮ್ಮ ಹಿಟ್ಟಿನ ಡಬ್ಬಿಯನ್ನೇ ನೀರು ತುಂಬಿಸಿ ಒಯ್ದಿದ್ದೆ, ಜೊತೆಗೆ ಒಂದು ಗ್ಯಾಲನ್ನಿನ ಎರಡು ಹಾಲಿನ ಕ್ಯಾನುಗಳನ್ನೂ. ಅವನ್ನು ಒಳಗಿಟ್ಟು ಡ್ರಾಯರನ್ನು ಪೂರ್ತಿ ಎಳೆದು ಮುಚ್ಚಿ, ಒಂದು ಡಾಲರ್ ನೋಟನ್ನು ರಬ್ಬರ್ ಪಟ್ಟಿಯ ನಡುವೆ ಸಿಕ್ಕಿಸಿ ನಾಲ್ಕೂ ಮೂಲೆಗಳಲ್ಲಿ ಎಳೆದು ನೋಡಿದೆ. ನಾನು ಮೊದಲು ಮೆಚ್ಚಿದ್ದ ಯಂತ್ರದಲ್ಲಿ ಬಲಗಡೆಯ ಮೇಲಿನ ಮೂಲೆಯಿಂದ ನೋಟು ಸಲೀಸಾಗಿ ಜಾರಿ ಬಂತು. ಅಲ್ಲದೆ ಅದರ ಮೇಲಿನ ಡ್ರಾಯರಿಗೆ ಡಬ್ಬಿ ಹಿಡಿಸಲಿಲ್ಲ, ಕೆಳಗಿನದಕ್ಕೆ ಮಾತ್ರ ಹಿಡಿಸಿತು.

ಮೇಲೆ ಕೆಳಗೆ ಎನ್ನುವುದು ಸಣ್ಣ ವಿಷಯವಲ್ಲ. ವರ್ಷಕ್ಕೆ ಆರು ತಿಂಗಳು ಅಮ್ಮ ನಮ್ಮೊಂದಿಗಿರುತ್ತಾರೆ. ಎಪ್ಪತ್ತನಾಲ್ಕು ವರ್ಷ, ಎರಡೂ ಮೊಣಕಾಲಿನಲ್ಲಿ ನೋವು. ಹಳೆಯ ಫ್ರಿಜ್ಜಿನ ತಳದ ಬುಟ್ಟಿಯಿಂದ ಒಂದು ಕಟ್ಟು ಮೆಂತ್ಯ ಸೊಪ್ಪು ತೆಗೆಯಲು ಅವರು ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂರಬೇಕಾಗಿತ್ತು. ಸೊಂಟದ ಎತ್ತರದ ಡ್ರಾಯರನ್ನು ಎಳೆದರೆ ಒಳಗಿರುವುದೆಲ್ಲ ಮೇಲಿನಿಂದ ಕಾಣುತ್ತದೆ, ಹಿಂದೆ ಸರಿದು ಮರೆತುಹೋಗುವ ಬಟ್ಟಲೇ ಇಲ್ಲ. “ಇದು ನಮ್ಮ ಅಜ್ಜಿಯ ಕಾಲದ ಪೆಟ್ಟಿಗೆಯ ಹಾಗಿದೆ ಕಣೋ, ಮುಚ್ಚಳ ತೆಗೆದರೆ ಎಲ್ಲ ಕಣ್ಣೆದುರಿಗೇ” ಎಂದು ಅಮ್ಮ ಮೊದಲ ದಿನವೇ ಹೇಳಿದರು. ವಯಸ್ಸಾದವರಿರುವ ಮನೆಯಲ್ಲಿ ಡ್ರಾಯರ್ ಫ್ರಿಜ್ಜಿನ ನಿಜವಾದ ಉಪಯೋಗ ಇದು. ಡ್ರಾಯರ್ ಪೂರ್ತಿ ಹೊರಬಂದಾಗ ಎದುರಿನ ಕಟ್ಟೆಗೂ ಅದಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯುತ್ತದೆಯೇ ಎಂದು ಮಾತ್ರ ನಕ್ಷೆಯಲ್ಲೇ ಅಳೆದುಕೊಳ್ಳಬೇಕು.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. ವಿಸ್ಕಾನ್ಸಿನ್ನಿನ ಸಬ್‌-ಝೀರೋ ಕಂಪನಿ 30 ಇಂಚು ಅಗಲದ, ಆಳೆತ್ತರ ಮೀರಿದ, ಮೇಲೆ ವೈನ್ ಕೆಳಗೆ ಎರಡು ಫ್ರಿಜ್ ಡ್ರಾಯರ್ ಇರುವ ಯಂತ್ರವನ್ನು ಮಾಡುತ್ತದೆ. ಹತ್ತು ಸಾವಿರ ಡಾಲರಿಗಿಂತ ಮೇಲಿನ ವ್ಯವಹಾರ ಅದು. ನ್ಯೂಜಿಲೆಂಡಿನ ಫಿಶರ್ ಅಂಡ್ ಪೇಕಲ್‌ನ ಕೂಲ್‌ಡ್ರಾಯರ್ ಬೇರೆ ದಾರಿ ಹಿಡಿದಿದೆ: ಕಟ್ಟೆಯ ಕೆಳಗಿನ ಅಗಲವಾದ ಒಂದೇ ಡ್ರಾಯರನ್ನು ಗುಂಡಿ ಒತ್ತಿ ಫ್ರಿಜ್, ಫ್ರೀಜರ್ ಅಥವಾ ವೈನ್ ಪೆಟ್ಟಿಗೆಯಾಗಿ ಬದಲಿಸಿಕೊಳ್ಳಬಹುದು. ವೈನ್ ಅಪರೂಪಕ್ಕೆ ತರುವ ಮನೆಗೆ ಇದು ಜಾಣತನದ ಆಯ್ಕೆ ಎಂದು ನನಗನಿಸುತ್ತದೆ. ಜಾಗವಿದ್ದವರು 24 ಇಂಚಿನ ಡ್ರಾಯರ್ ಫ್ರಿಜ್ ಮತ್ತು 15 ಇಂಚಿನ ವೈನ್ ಕೂಲರನ್ನು ಬೇರೆ ಬೇರೆಯಾಗಿಯೇ ತಂದು ಪಕ್ಕಪಕ್ಕದಲ್ಲಿ ಕೂರಿಸುವುದು ಇನ್ನೂ ಒಳ್ಳೆಯದು; ಜೋಡಿ ಯಂತ್ರದ ಕಂಪ್ರೆಸರ್ ಕೆಟ್ಟರೆ ಎರಡೂ ಒಟ್ಟಿಗೆ ಕೈಕೊಡುತ್ತವೆ. ನಮಗೆ ಗೋಡೆಯ ಒಂದೇ ಕಿಂಡಿ ಉಳಿದಿತ್ತು, ಹಾಗಾಗಿ ಜೋಡಿಗೆ ಹೋದೆವು.

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ಚಿಕ್ಕಪ್ಪನ ಮಗ ಇಂಥದ್ದನ್ನೇ ಇಲ್ಲಿಂದ ಕಂಟೇನರಿನಲ್ಲಿ ಕಳುಹಿಸಬಹುದೇ ಎಂದು ಕೇಳಿದ. ಬೇಡವೆಂದೆ. ಇಲ್ಲಿನ ಯಂತ್ರ 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ಅಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು, ಎಂದರೆ ವಿದ್ಯುತ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎನ್ನುವುದನ್ನು, ಬದಲಿಸುವುದಿಲ್ಲ. 60ಕ್ಕೆಂದು ಮಾಡಿದ ಮೋಟಾರು 50ರಲ್ಲಿ ನಿಧಾನವಾಗಿ ಓಡಿ ಬಿಸಿಯೇರುತ್ತದೆ. ಅಲ್ಲೇ ಕೊಳ್ಳುವುದಾದರೂ ಹಿಂಬದಿಯ ಫಲಕದಲ್ಲಿ ಹವಾಮಾನದ ವರ್ಗವನ್ನು ಓದು ಎಂದು ಹೇಳಿದೆ. ‘ಎನ್’ ಎಂದಿದ್ದರೆ ಅದು 32 ಡಿಗ್ರಿಯವರೆಗಿನ ಕೋಣೆಗೆ, ‘ಎಸ್‌ಟಿ’ ಎಂದರೆ 38ರವರೆಗೆ, ‘ಟಿ’ ಎಂದರೆ 43ರವರೆಗೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರಿಗೆ ‘ಟಿ’ ವರ್ಗವೇ ಬೇಕು. ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದೆಂಬುದಕ್ಕೆ ಅಬಕಾರಿ ನಿಯಮದಲ್ಲಿ ಮಿತಿಯಿರುವುದರಿಂದ, ಎಂಬತ್ತು ಬಾಟಲಿಯ ಗೂಡು ಅಲ್ಲಿ ಯಾರಿಗೂ ಬೇಕಾಗಿಯೂ ಇಲ್ಲ.

ಯಂತ್ರ ಮನೆಗೆ ಬಂದ ಮೇಲೆ ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ಮುಂದಿನ ಫಲಕದ ಅಂಕಿಯನ್ನು ನಂಬಬೇಡಿ. ಎರಡೂ ಡ್ರಾಯರುಗಳಲ್ಲಿ ಒಂದೊಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, ಎಂದಿನಂತೆ ಅಡುಗೆ ಮಾಡುತ್ತ ಒಂದು ದಿನ ಬಿಟ್ಟು ನೋಡಿ. ನಮ್ಮಲ್ಲಿ ಫಲಕ 3 ಎನ್ನುತ್ತಿದ್ದಾಗ ಕೆಳಗಿನ ಡ್ರಾಯರಿನ ನೀರು 3.5 ಇತ್ತು, ಮೇಲಿನದು 6. ಒಂದು ಡಿಗ್ರಿ ಇಳಿಸಿದೆವು, ಗಾಳಿಯ ಕಿಂಡಿಗೆ ಅಡ್ಡವಾಗಿದ್ದ ಸೊಪ್ಪಿನ ಚೀಲವನ್ನು ಈಚೆಗೆ ಸರಿಸಿದೆವು. ಮರುದಿನ ಬೆಳಿಗ್ಗೆ ಮೇಲಿನ ಲೋಟ 4ಕ್ಕೆ ಬಂದಿತ್ತು. ಅಂದಿನಿಂದ ಹಾಲು ಅಲ್ಲಿದೆ.