ಬೇಸಿಗೆ ಬಂತೆಂದು ಪೊಮೇರಿಯನ್ ಬೋಳಿಸುವವರಿಗೆ

ಈಗಷ್ಟೇ ಒಂದು ವಿಡಿಯೊ ನೋಡಿ ಮನಸ್ಸು ಕೆಟ್ಟುಹೋಗಿದೆ. ಕಿತ್ತಳೆ ಬಣ್ಣದ ಪೊಮೇರಿಯನ್, ಮೈತುಂಬ ಒಳ್ಳೇ ತುಪ್ಪಳ. ಮೇಜಿನ ಮೇಲೆ ನಿಲ್ಲಿಸಿ ಕುತ್ತಿಗೆಯಿಂದ ಬಾಲದ ಬುಡದವರೆಗೆ ಮಷೀನು ಓಡಿಸಿಬಿಟ್ಟಿದ್ದಾರೆ. "ಬೇಸಿಗೆಗೆ ರೆಡಿ!" ಅಂತ ಬರೆದುಕೊಂಡಿದ್ದಾರೆ. ಕೆಳಗೆ ಜನ ಸಾಲುಸಾಲಾಗಿ ಹೃದಯ ಒತ್ತಿದ್ದಾರೆ, "ಪಾಪ, ಈಗ ಹಾಯಾಗಿರುತ್ತೆ" ಅಂತ ಬೇರೆ.

ಹಾಯಾಗಿರಲ್ಲ. ಈ ಗೋಡೆಯ ಮೇಲೆ ಪಾಮ್‌ಗಳ (ಪೊಮೇರಿಯನ್‌ಗಳಿಗೆ ನಾವು ಕರೆಯೋ ಚಿಕ್ಕ ಹೆಸರು) ಬಗ್ಗೆ ನಾನು ಎಷ್ಟು ಬರೆದಿದ್ದೇನೆ ಅಂತ ನಿಮಗೆ ಗೊತ್ತು. ಪ್ರತಿ ಬೇಸಿಗೆಯಲ್ಲೂ ಇದೇ ಮಾತು ಬರುತ್ತೆ ಅಂತಲೂ ಗೊತ್ತು. ಬೇಜಾರು ಮಾಡಿಕೊಳ್ಳದೆ ಇನ್ನೊಂದು ಸಲ ಓದಿ.

ಪಾಮ್‌ನ ಮೈಮೇಲೆ ಇರೋದು ಎರಡು ಪದರ. ಒಳಗೆ ಹತ್ತಿಯಂಥ ಮೆತ್ತನೆಯ, ದಟ್ಟವಾದ ಅಂಡರ್‌ಕೋಟ್. ಅದನ್ನು ಹಾಯ್ದು ಹೊರಗೆ ಬಂದಿರೋದು ಉದ್ದ, ನೇರ, ಸ್ವಲ್ಪ ಒರಟಾದ ಹೊರಕೂದಲು. ಒಳಪದರ ಆಸರೆ ಕೊಡೋದರಿಂದಲೇ ಹೊರಕೂದಲು ಮೈಗೆ ಒರಗದೆ ನಿಮಿರಿ ನಿಲ್ಲುತ್ತೆ. ಬಾಲ್ಟಿಕ್ ಕರಾವಳಿಯ ಪೊಮೆರೇನಿಯಾದ ಹೆಸರು ಹೊತ್ತ ಇದು ಸ್ಪಿಟ್ಜ್ ಕುಲದ, ಅಂದರೆ ದಟ್ಟ ತುಪ್ಪಳ, ಚೂಪು ಕಿವಿಯ ಚಳಿನಾಡಿನ ನಾಯಿಗಳ ಗುಂಪಿನ ನಾಯಿ. ಮೊದಲು ಈಗಿಗಿಂತ ತುಂಬ ದೊಡ್ಡದಿತ್ತು. ವಿಕ್ಟೋರಿಯಾ ರಾಣಿ 1888ರಲ್ಲಿ ಫ್ಲಾರೆನ್ಸ್‌ನಿಂದ ಮಾರ್ಕೋ ಎಂಬ ಸಣ್ಣ ನಾಯಿಯನ್ನು ತಂದ ಮೇಲೆ ಪುಟ್ಟ ಗಾತ್ರದ ಕಡೆಗೆ ಎಲ್ಲರ ಒಲವು ತಿರುಗಿತು. ಇವತ್ತು ಅಮೆರಿಕನ್ ಕೆನಲ್ ಕ್ಲಬ್‌ನ ಮಾನದಂಡದಲ್ಲಿ ತೂಕ 3ರಿಂದ 7 ಪೌಂಡ್, ಅಂದರೆ ಸುಮಾರು 1.4ರಿಂದ 3.2 ಕಿಲೋ. ಮೈ ಇಷ್ಟು ಕುಗ್ಗಿದರೂ ತುಪ್ಪಳದ ಕಟ್ಟು ಮಾತ್ರ ಆ ದೊಡ್ಡ ಸ್ಪಿಟ್ಜ್‌ನದ್ದೇ. ನೀವು ಮಷೀನು ಹಚ್ಚೋದು ಇಂಥ ತುಪ್ಪಳಕ್ಕೆ.

"ನಮಗೇ ಇಷ್ಟು ಸೆಕೆ, ಅದಕ್ಕೆ ಆ ಕಂಬಳಿ ಹೊದ್ದು ಹೇಗಿರಬೇಡ?" ಅಂತಾರೆ. ನಮ್ಮ ಮೈ ತಣಿಯೋದು ಬೆವರಿನಿಂದ. ನಾಯಿಗೆ ಅಂಗಾಲಿನ ಮೆತ್ತೆಗಳಲ್ಲಿ ಬರೋ ಅಲ್ಪಸ್ವಲ್ಪ ಬೆವರು ಬಿಟ್ಟರೆ ಮೈಮೇಲೆ ನಮ್ಮ ಹಾಗೆ ಬೆವರು ಬರಲ್ಲ, ಅದು ತಣಿಯೋದು ಏದುಸಿರಿನಿಂದ. ಬೆವರೇ ಇಲ್ಲದ ಮೈಯನ್ನು ಬೋಳಿಸಿದರೆ ಅಲ್ಲಿ ಆರೋದಕ್ಕೆ ಏನಿದೆ? ಮೇಲಾಗಿ ಬಿಸಿಲು ಚರ್ಮಕ್ಕೆ ನೇರವಾಗಿ ಬೀಳುತ್ತೆ. ವರ್ಷಾನುಗಟ್ಟಲೆ ಬಿಸಿಲು ಕಾಣದ ಚರ್ಮ ಅದು, ಬೇಗ ಸುಡುತ್ತೆ.

ಸೆಕೆಯ ಚಿಂತೆ ನಿಜವಾಗಿದ್ದರೆ ಉದುರಿಯೂ ಒಳಗೇ ಸಿಕ್ಕಿಕೊಂಡಿರೋ ಅಂಡರ್‌ಕೋಟನ್ನು ಬಾಚಿ ತೆಗೆಯಿರಿ. ಆಗ ತುಪ್ಪಳದ ಒಳಗೆ ಗಾಳಿ ಆಡುತ್ತೆ. ವಾಕಿಂಗ್ ಬೆಳಗಿನ ತಂಪಿನಲ್ಲಿ ಅಥವಾ ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ. ಕೊರಳಪಟ್ಟಿ ಬೇಡ, ಹಾರ್ನೆಸ್ ಹಾಕಿ. ಈ ತಳಿಯಲ್ಲಿ ಶ್ವಾಸನಾಳ ಮೆತ್ತಗಾಗಿ ಕುಸಿಯೋ ತೊಂದರೆ ಜಾಸ್ತಿ, ಬಾತುಕೋಳಿ ಕೂಗಿದಂಥ ಒಣ ಕೆಮ್ಮು ಅದರ ಗುರುತು. ಉಸಿರಿನಿಂದಲೇ ತಣಿಯಬೇಕಾದ ಪ್ರಾಣಿಯ ಕುತ್ತಿಗೆಯನ್ನು ಪಟ್ಟಿಯಿಂದ ಒತ್ತಿದರೆ ಸೆಕೆ ಎರಡರಷ್ಟು ಕಾಡುತ್ತೆ. ಮೈ ಬೊಜ್ಜು ಬೆಳೆಯದಂತೆ ನೋಡಿಕೊಳ್ಳಿ, ಅದೂ ಉಸಿರಿಗೆ ಭಾರ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಗಟ್ಟಿಯಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ತಣ್ಣೀರನ್ನು ಚರ್ಮಕ್ಕೆ ತಲುಪುವ ಹಾಗೆ ಹಾಕಿ, ಫ್ಯಾನಿನ ಗಾಳಿ ಬಿಟ್ಟು, ತಕ್ಷಣ ಪಶುವೈದ್ಯರ ಹತ್ತಿರ ಓಡಿ.

ಇನ್ನು ನನಗೆ ಅತಿ ಹೆಚ್ಚು ಸಿಟ್ಟು ಬರಿಸೋ ಮಾತು: "ಕೂದಲು ತಾನೇ, ಬೆಳೆಯುತ್ತೆ ಬಿಡಿ."

ಬೆಳೆಯುತ್ತೆ ಅಂತ ಯಾರೂ ಭರವಸೆ ಕೊಡೋಕಾಗಲ್ಲ. ನಮ್ಮ ತಲೆಗೂದಲು ಬಹುಪಾಲು ಸದಾ ಬೆಳೀತಾ ಇರುತ್ತೆ. ಸ್ಪಿಟ್ಜ್ ಕುಲದ ನಾಯಿಗಳಲ್ಲಿ ಕೂದಲ ಬುಡಗಳು ತಿಂಗಳುಗಟ್ಟಲೆ ವಿಶ್ರಾಂತಿಯಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ಬೋಳಿಸಿದರೆ ಮುಂದಿನ ಸುತ್ತು ಶುರುವಾಗೋವರೆಗೂ ಅಲ್ಲಿ ಏನೂ ಬರಲ್ಲ. ಆರು ತಿಂಗಳು, ಒಂದು ವರ್ಷ, ಕೆಲವಕ್ಕೆ ಎರಡು ವರ್ಷ. ಎಷ್ಟೋ ಸಲ ಅಂಡರ್‌ಕೋಟ್ ಮೊದಲು ಬಂದು ಹೊರಕೂದಲು ಹಿಂದೆ ಬೀಳುತ್ತೆ. ಆಗ ಮೈಯೆಲ್ಲ ಪುಸುಪುಸು, ಮುಟ್ಟಿದರೆ ಸಿಕ್ಕು. ಬಾಚೋ ಕೆಲಸ ತಪ್ಪಲಿ ಅಂತ ಬೋಳಿಸಿದವರಿಗೆ ಮೊದಲಿಗಿಂತ ಹೆಚ್ಚು ಬಾಚೋ ಕೆಲಸ. ಕೆಲವು ನಾಯಿಗಳಿಗೆ ಹೊರಕೂದಲು ಮರಳಿ ಬರೋದೇ ಇಲ್ಲ.

ಜೊತೆಗೆ ಈ ತಳಿಗೆ ಅಲೋಪೇಷಿಯಾ ಎಕ್ಸ್ ಅನ್ನೋ ಕಾಟ ಇದೆ. ಚಿಕ್ಕ ವಯಸ್ಸಿನಲ್ಲೇ, ಹೆಚ್ಚಾಗಿ ಗಂಡು ನಾಯಿಗಳಲ್ಲಿ, ಕುತ್ತಿಗೆ, ಮೈ, ಹಿಂದೊಡೆಯ ಕೂದಲು ಉದುರಿ ಚರ್ಮ ಕಪ್ಪಾಗುತ್ತಾ ಹೋಗುತ್ತೆ. ತಲೆ ಮತ್ತು ಮುಂಗಾಲಿನ ಕೂದಲು ಹಾಗೇ ಇರುತ್ತೆ, ತುರಿಕೆಯೂ ಇರಲ್ಲ. ಥೈರಾಯ್ಡ್ ಮತ್ತು ಕುಶಿಂಗ್ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗೋ) ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೇ ವೈದ್ಯರು ಇದರ ಹೆಸರೆತ್ತೋದು. ಬೋಳಿಸಿದ ನಾಯಿಯಲ್ಲಿ ಈ ಮೊದಲ ಲಕ್ಷಣಗಳು ಕಣ್ಣಿಗೇ ಬೀಳಲ್ಲ. ಕೂದಲು ಬರ್ತಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮಷೀನಿನ ತಪ್ಪೋ ಒಳಗಿನ ಕಾಯಿಲೆಯೋ ಅಂತ ಬೇರ್ಪಡಿಸೋದೇ ಕಷ್ಟ.

ಮನೆಯವರಿಗೆ ನಾಯಿಯಿಂದ ಅಲರ್ಜಿ ಅಂತ ಬೋಳಿಸೋರೂ ಇದ್ದಾರೆ. ಅಲರ್ಜಿ ತರೋ ಪ್ರೋಟೀನು ಇರೋದು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಬೋಳಿಸಿದ ಮೇಲೂ ಅವೆರಡೂ ಅಲ್ಲೇ ಇರುತ್ತವೆ.

ಮತ್ತೆ ಕೆಲವರು ಇಂಟರ್ನೆಟ್‌ನಲ್ಲಿ ಹೆಸರಾಗಿದ್ದ ಬೂ ಎಂಬ ಪಾಮ್‌ನ ಫೋಟೊ ತೋರಿಸ್ತಾರೆ. ಹೌದು, 2019ರ ಜನವರಿಯಲ್ಲಿ ತೀರಿಕೊಂಡ ಆ ನಾಯಿ ಗೊಂಬೆಯಂಥ ಗಿಡ್ಡ ಕೂದಲಿನಿಂದಲೇ ಜಗತ್ತಿಗೆಲ್ಲ ಪರಿಚಯವಾಯಿತು. ಆ ಒಂದು ಫೋಟೊ ಹಿಡಿದುಕೊಂಡು ಗ್ರೂಮರ್ (ನಾಯಿಗಳ ಕೂದಲು ಕತ್ತರಿಸಿ ಒಪ್ಪ ಮಾಡೋರು) ಬಳಿ ಹೋದ ಎಷ್ಟು ಪಾಮ್‌ಗಳ ಮೈಮೇಲೆ ಮಷೀನು ಓಡಿದೆಯೋ! ದುಂಡಗಿನ ಮುಖ ಬೇಕಿದ್ದರೆ ಕತ್ತರಿಯಲ್ಲಿ ಅಂಚು ದುಂಡಗೆ ಮಾಡಿಸಿ, ಮೈಮೇಲೆ ಕನಿಷ್ಠ ಎರಡು-ಮೂರು ಸೆಂಟಿಮೀಟರ್ ಉಳಿಸಿ. ಪಾದದ ಸುತ್ತ, ಬಾಲದ ಅಡಿ, ಕಿವಿಯ ತುದಿ ಇವನ್ನು ಒಪ್ಪ ಮಾಡಿಸೋದರಲ್ಲಿ ತಪ್ಪೇ ಇಲ್ಲ. ನಾಯಿ ಪ್ರದರ್ಶನಗಳಲ್ಲೂ ಅಷ್ಟು ಟ್ರಿಮ್ಮಿಂಗ್‌ಗೆ ಅವಕಾಶ ಇದೆ. ಅಲ್ಲಿ ತೀರ್ಪುಗಾರರು ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ತುಪ್ಪಳದೊಳಗೆ ಬೆರಳಿಟ್ಟು ಎರಡೂ ಪದರ ನೋಡ್ತಾರೆ. ಒಂದು ಸಲ ಬೋಳಿಸಿದ ನಾಯಿಯನ್ನು ಆ ಮೇಜು ಹತ್ತಿಸೋ ಆಸೆ ವರ್ಷಗಟ್ಟಲೆ ಬಿಡಬೇಕು. ಗ್ರೂಮರ್‌ಗೆ "ಸ್ವಲ್ಪ ಚಿಕ್ಕದು ಮಾಡಿ" ಅನ್ನಬೇಡಿ. "ಮೈಗೆ ಮಷೀನು ಬೇಡ, ಕತ್ತರಿ ಮಾತ್ರ" ಅಂತ ಬರೆದೇ ಕೊಡಿ, ಆಗೋವರೆಗೂ ಪಕ್ಕದಲ್ಲೇ ನಿಲ್ಲಿ.

ಬೋಳಿಸೋದರ ಹಿಂದಿನ ನಿಜವಾದ ಕಾರಣ ಬೇಸಿಗೆ ಅಲ್ಲ, ಸಿಕ್ಕು. ಸಿಕ್ಕು ಕಟ್ಟೋದು ನಾವು ಮೇಲೆಮೇಲೆ ಬಾಚೋದರಿಂದ. ಹೊರಗೆ ನುಣುಪಾಗಿ ಕಾಣುತ್ತೆ, ಬುಡದಲ್ಲಿ ಜಡೆಗಟ್ಟಿರುತ್ತೆ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಒಣ ಕೂದಲನ್ನು ಯಾವತ್ತೂ ಬಾಚಬೇಡಿ, ತುಂಡಾಗುತ್ತೆ. ನೀರಿಗೆ ಸ್ವಲ್ಪ ನಾಯಿಗಳ ಕಂಡಿಷನರ್ ಬೆರೆಸಿ ಹನಿಹನಿಯಾಗಿ ಸಿಂಪಡಿಸಿ. ಹೊಟ್ಟೆಯ ಕಡೆಯಿಂದ ಶುರು ಮಾಡಿ, ಅಂಗೈಯಲ್ಲಿ ತುಪ್ಪಳವನ್ನೆಲ್ಲ ಮೇಲಕ್ಕೆ ಒತ್ತಿ ಹಿಡಿದು ಒಂದೆರಡು ಸೆಂಟಿಮೀಟರಿನ ಪದರವನ್ನಷ್ಟೇ ಕೆಳಕ್ಕೆ ಬಿಡಿ. ಬೈತಲೆಯ ಹಾಗೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯಿಂದ ತುದಿಯವರೆಗೆ ಪಿನ್ ಬ್ರಶ್ ಎಳೆದು, ಮುಂದಿನ ಪದರ ಬಿಡಿ. ಹೀಗೇ ಬೆನ್ನಿನವರೆಗೆ, ಆಮೇಲೆ ಇನ್ನೊಂದು ಮಗ್ಗುಲು. ಕೊನೆಗೆ ಲೋಹದ ಬಾಚಣಿಗೆ ಬುಡದಿಂದ ತುದಿಗೆ ಎಲ್ಲೂ ತಡೆಯದೆ ಬರಬೇಕು, ತಡೆದರೆ ಅಲ್ಲಿ ಕೆಲಸ ಮುಗಿದಿಲ್ಲ. ವಾರಕ್ಕೆ ಎರಡು-ಮೂರು ಸಲ, ಕೂದಲು ಉದುರೋ ಕಾಲದಲ್ಲಿ ದಿನಾ. ಕಿವಿಯ ಹಿಂದೆ, ಕಂಕುಳು, ಹಿಂದೊಡೆ, ಹಾರ್ನೆಸ್ ಉಜ್ಜೋ ಜಾಗ ಇವನ್ನು ಮಾತ್ರ ದಿನಾ ಬೆರಳಿಟ್ಟು ನೋಡಿ.

ಗಂಟು ಸಿಕ್ಕರೆ ಬುಡವನ್ನು ಬೆರಳಲ್ಲಿ ಬಿಗಿಹಿಡಿದು, ಚರ್ಮ ಎಳೆಯದ ಹಾಗೆ, ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸಿ. ಕತ್ತರಿಯನ್ನು ಗಂಟಿನ ಬುಡಕ್ಕೆ ಅಡ್ಡ ಹಾಕಬೇಡಿ. ಗಂಟಿನೊಳಗೆ ಚರ್ಮವೂ ಮೇಲೆ ಬಂದಿರುತ್ತೆ, ಕತ್ತರಿಸಿಹೋಗುತ್ತೆ. ಸ್ನಾನ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು, ಅದೂ ಪೂರ್ತಿ ಸಿಕ್ಕು ಬಿಡಿಸಿದ ಮೇಲೆ. ನೀರು ಬಿದ್ದ ಸಿಕ್ಕು ಇನ್ನೂ ಬಿಗಿಯುತ್ತೆ. ಆಮೇಲೆ ಬುಡದವರೆಗೆ ಒಣಗಿಸಲೇಬೇಕು, ತೀರಾ ಬಿಸಿಯಲ್ಲದ ಗಾಳಿಯಲ್ಲಿ. ಅಂಡರ್‌ಕೋಟ್ ಒದ್ದೆ ಉಳಿದರೆ ಚರ್ಮದ ಮೇಲೆ ಕೆಂಪು ರಸಿಗೆಯ ಹುಣ್ಣಾಗುತ್ತೆ.

ಮರಿಗಳ ವಿಷಯದಲ್ಲಂತೂ ಕೈಮುಗಿದು ಕೇಳ್ತೇನೆ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಮರಿತುಪ್ಪಳ ಉದುರೋಕೆ ಶುರುವಾಗಿ ಕಾಲು ಕಡ್ಡಿಯಾಗಿ ಮುಖ ಕೋತಿಯದಾಗುತ್ತೆ. ಇದು ಕಾಯಿಲೆಯಲ್ಲ. ದೊಡ್ಡ ತುಪ್ಪಳ ಪೂರ್ತಿ ತುಂಬೋಕೆ ಎರಡು-ಮೂರು ವರ್ಷ ಬೇಕು. "ಬೋಳಿಸಿದರೆ ದಟ್ಟವಾಗಿ ಬರುತ್ತೆ" ಅನ್ನೋರ ಮಾತು ಕೇಳಿ ಇದೇ ವಯಸ್ಸಿನಲ್ಲಿ ಮಷೀನು ಹಚ್ಚೋದು ಅನ್ಯಾಯ.

"ಹಾಗಾದರೆ ರಕ್ಷಿಸಿ ತಂದ ನಾಯಿಗಳನ್ನು ಯಾಕೆ ಬೋಳಿಸ್ತಾರೆ?" ಅಂತ ಕೇಳಬಹುದು. ಅಲ್ಲಿ ಬೋಳಿಸಲೇಬೇಕು, ಅದನ್ನು ಒಪ್ಪದವರು ಯಾರೂ ಇಲ್ಲ. ತುಪ್ಪಳವೆಲ್ಲ ಒಂದೇ ಚಾಪೆಯಾಗಿ ಚರ್ಮವನ್ನು ಜಗ್ಗುತ್ತಿರುವಾಗ, ಅಡಿಯಲ್ಲಿ ಹುಣ್ಣು, ಹುಳ, ಮಲ ಸೇರಿಕೊಂಡಿರುವಾಗ ಬಾಚೋದೇ ಹಿಂಸೆ. ಮಷೀನಿನ 10ನೇ ನಂಬರಿನ ಬ್ಲೇಡನ್ನು ಚಾಪೆಯ ಅಡಿಗೆ ಹಾಕಿ, ಕಾದಿದೆಯಾ ಅಂತ ಆಗಾಗ ಮುಟ್ಟಿ ನೋಡುತ್ತಾ, ನೋವು ತಡೆಯದ ನಾಯಿಗೆ ವೈದ್ಯರಿಂದ ಮಂಪರು ಬರಿಸಿಯೇ ತೆಗೆಯಬೇಕು. ಅದು ಚಿಕಿತ್ಸೆ, ಶಸ್ತ್ರಚಿಕಿತ್ಸೆಗೆ ಮುಂಚೆ ಬೋಳಿಸೋ ಹಾಗೆ. ಅದರ ಹೆಸರು ಹೇಳಿ ಮನೆಯಲ್ಲಿ ಚೆನ್ನಾಗಿರೋ ನಾಯಿಯನ್ನು ಬೋಳಿಸೋದು ಬೇರೆಯೇ ಸಂಗತಿ. ಹಾಗೆ ಬಂದ ನಾಯಿಯನ್ನು ದತ್ತು ತಗೊಳ್ಳೋರು ಬರೀ ಕೂದಲು ನೋಡಬೇಡಿ. ಹಲ್ಲು, ಮಂಡಿಚಿಪ್ಪು, ಕೆಮ್ಮು ಈ ಮೂರನ್ನೂ ವೈದ್ಯರಿಗೆ ತೋರಿಸಿ.

ಈಗಾಗಲೇ ಬೋಳಿಸಿಬಿಟ್ಟಿದ್ದರೆ ಬೈಸಿಕೊಳ್ಳೋದಕ್ಕೆ ಹೆದರಿ ಮುಚ್ಚಿಡಬೇಡಿ. ಬಿಸಿಲಿಗೆ ಬಿಡಬೇಡಿ, ಹೊರಗೆ ಹೋಗೋವಾಗ ತೆಳು ಹತ್ತಿಯಂಗಿ ಹಾಕಿ. ನಮ್ಮ ಸನ್‌ಸ್ಕ್ರೀನ್ ಬಳಿಯಬೇಡಿ, ನಾಯಿ ನೆಕ್ಕುತ್ತೆ, ಅದರಲ್ಲಿರೋ ಜಿಂಕ್ ಆಕ್ಸೈಡ್ ಅದಕ್ಕೆ ವಿಷ. ಮೆತ್ತನೆ ಬ್ರಶ್‌ನಲ್ಲಿ ಚರ್ಮವನ್ನು ನಿಧಾನಕ್ಕೆ ಉಜ್ಜಿ. ಮಷೀನು ಓಡಿದ ತಾರೀಖು ಬರೆದಿಟ್ಟು ತಿಂಗಳಿಗೊಂದು ಫೋಟೊ ಒಂದೇ ಜಾಗದಿಂದ ತೆಗೆದಿಡಿ. ವರ್ಷ ಕಳೆದರೂ ಬೋಳಾಗೇ ಇದ್ದರೆ, ಅಥವಾ ಅದಕ್ಕೂ ಮೊದಲೇ ಚರ್ಮ ಕಪ್ಪಾಗ್ತಿದ್ದರೆ, ನಾಯಿ ಅತಿಯಾಗಿ ನೀರು ಕುಡೀತಿದ್ದರೆ, ಆ ಫೋಟೊಗಳ ಜೊತೆ ವೈದ್ಯರ ಹತ್ತಿರ ಹೋಗಿ ಥೈರಾಯ್ಡ್ ಮತ್ತು ಕುಶಿಂಗ್ ಎರಡನ್ನೂ ಪರೀಕ್ಷೆ ಮಾಡಿಸಿ.