ಎತ್ತು ಬಿಟ್ಟು ಹೋರಿ ಕಟ್ಟಿದೆ

ಎರಡು ವರ್ಷ ನಾನು ಹಾರಿಸಿದ್ದು ರಿಮೋಟಿನ ಫೋಮ್ ವಿಮಾನ. ಕಲಿಯುವವರಿಗೆಂದೇ ಮಾಡಿದ್ದು. ಬೆನ್ನ ಮೇಲೆ ರೆಕ್ಕೆ, ಅದನ್ನು ಬಿಗಿದಿದ್ದು ರಬ್ಬರ್ ಬ್ಯಾಂಡು. ಬಿದ್ದರೆ ಬ್ಯಾಂಡ್ ಕಳಚಿ ರೆಕ್ಕೆ ಒಂದು ಕಡೆ, ಮೈ ಒಂದು ಕಡೆ. ಮುರಿಯುತ್ತಿದ್ದದ್ದು ಕಡಿಮೆ. ಮೂಗು ಮಾತ್ರ ಅಂಟು ಮೆತ್ತೀ ಮೆತ್ತೀ ಹಲಸಿನಕಾಯಿ ಥರ ಆಗಿತ್ತು.

ಮಂಡ್ಯದ ಹತ್ತಿರ ನಮ್ಮೂರಲ್ಲಿ ಭತ್ತ ಕೊಯ್ದ ಗದ್ದೆಯೇ ನನ್ನ ಏರ್‌ಪೋರ್ಟು. ಆ ಕಡೆ ವಿ.ಸಿ. ನಾಲೆ, ಈ ಕಡೆ ಗೌಡರ ಕಬ್ಬು. ಎರಡರಲ್ಲೂ ಒಂದು ದಿನವೂ ಬೀಳಲಿಲ್ಲ. ನನ್ನ ಕೈಚಳಕ ಅಂದುಕೊಂಡೆ. ಅಸಲಿಗೆ ಆ ರೆಕ್ಕೆಗಳ ತುದಿ ಕೊಂಚ ಮೇಲಕ್ಕೆ ಬಾಗಿರುತ್ತವೆ. ವಿಮಾನ ವಾಲಿದಾಗ ಸ್ಟಿಕ್ ಬಿಟ್ಟರೆ ಸಾಕು, ತಾನೇ ನೆಟ್ಟಗಾಗುತ್ತದೆ. ಸಂತೆಯಿಂದ ಬರುವಾಗ ಯಜಮಾನ ತೂಕಡಿಸಿದರೂ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸುವ ಹಳೇ ಎತ್ತು ಇರುತ್ತಲ್ಲ, ಹಾಗೆ.

ಜಂಬ ಜಾಸ್ತಿಯಾಗಿ ನಾಲ್ಕು ಚಾನೆಲ್ಲಿನ, ಅಂದರೆ ರಿಮೋಟಿನಿಂದ ನಾಲ್ಕು ಬಗೆಯಲ್ಲಿ ಆಡಿಸುವ, ಹೊಸ ವಿಮಾನ ತಂದೆ. ರೆಕ್ಕೆ ಹೊಟ್ಟೆಯ ಕೆಳಗೆ, ಅದರ ಹಿಂದಿನ ಅಂಚಿನಲ್ಲಿ ಏಲೆರಾನ್, ಅಂದರೆ ವಿಮಾನವನ್ನು ಎಡಬಲ ವಾಲಿಸುವ ಪಟ್ಟಿ. ಮೂರು ಸೆಲ್ಲಿನ ಬ್ಯಾಟರಿ, 11.1 ವೋಲ್ಟ್. ಸ್ಟಿಕ್ಕನ್ನು ಬಲಕ್ಕೆ ಒತ್ತಿದರೆ ಬಲಗಡೆ ಏಲೆರಾನ್ ಮೇಲೇಳಬೇಕು. ಎದ್ದಿತು. ಅವತ್ತು ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಮೇಲೇರಿತು. ಎಡಕ್ಕೆ ವಾಲಿಸಿದೆ, ವಾಲಿತು. ಅಭ್ಯಾಸಬಲದಿಂದ ಸ್ಟಿಕ್ ಬಿಟ್ಟೆ. ವಾಲಿಕೊಂಡೇ ಇತ್ತು! ಇದು ಹೋರಿ, ಹೇಳದೆ ಏನನ್ನೂ ಮಾಡುವುದಿಲ್ಲ. ಮೂಗು ತಗ್ಗಿಸಿ ತಿರುಗಿ ನನ್ನ ಕಡೆಗೇ ಬಂತು. ಎದುರು ಬರುವಾಗ ಎಡಬಲ ತಿರುಗುಮುರುಗು ಅಲ್ವಾ? ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಬೇಕು, ಊರೆಗೋಲು ಕೊಟ್ಟ ಹಾಗೆ. ಈ ಉಪಾಯ ನನಗೆ ಚೆನ್ನಾಗಿ ಗೊತ್ತಿತ್ತು. ನೆನಪಾಗಿದ್ದು ಕಬ್ಬಿನೊಳಗಿಂದ ಸರಸರ ಅಂತ ಸದ್ದು ಬಂದ ಮೇಲೆ.

"ಏನಪ್ಪಾ, ಇಳೀತಾ?" ಬದುವಿನ ಮೇಲಿಂದ ಗೌಡರು ಕೇಳಿದರು.

"ಹೂಂ ಗೌಡ್ರೇ, ಇಳೀತು."

"ಇಳೀತೋ, ಬಿತ್ತೋ?"

ಆಳೆತ್ತರ ಮೀರಿದ ಕಬ್ಬು. ಒಳಗೆ ನುಗ್ಗಿದರೆ ಗರಿಯ ಅಂಚು ಮುಖ ಮೋರೆ ಗೀರುತ್ತದೆ. ಆದರೆ ವಿಮಾನದ ಬ್ಯಾಟರಿ ಇನ್ನೂ ಜೀವಂತವಾಗಿದ್ದರೆ ಅದಕ್ಕೊಂದು ದಾರಿ ಇದೆ. ಪ್ರೊಪೆಲ್ಲರಿನ ವೇಗದ ಥ್ರಾಟಲ್ ಪೂರ್ತಿ ಇಳಿಸಿ, ಇನ್ನೊಂದು ಸ್ಟಿಕ್ಕನ್ನು ಸುಮ್ನೆ ಆಚೀಚೆ ಅಲ್ಲಾಡಿಸಬೇಕು. ಏಲೆರಾನ್ ಆಡಿಸುವ ಪುಟ್ಟ ಸರ್ವೋ ಮೋಟಾರು ಕುಂಯ್ ಕುಂಯ್ ಅನ್ನುತ್ತದೆ. ಸದ್ದು ಹಿಡಿದು ಹೋದರೆ ವಿಮಾನ.

ಅಲ್ಲಾಡಿಸಿದೆ. ಕುಂಯ್! ಬದುಕಿದೆ!

ಈ ಉಪಾಯವನ್ನು ಗೌಡರಿಗೆ ಮೊದಲೇ ಹೇಳಬೇಕಿತ್ತು. ಅವರು ಆ ಕಡೆಯಿಂದ ದೊಣ್ಣೆ ಹಿಡಿದು ಹುಡುಕುತ್ತಿದ್ದರು. "ಹೆಗ್ಗಣ ಕಣಪ್ಪೋ!" ಅಂತ ಕೂಗು ಕೇಳಿತು, ಹಿಂದೆಯೇ ಎರಡೇಟು.

ಬಿದ್ದಿದ್ದರಿಂದ ಆದ ನಷ್ಟ ಒಂದು ಪ್ರೊಪೆಲ್ಲರು, ಅಷ್ಟೇ. ಗರಿಗಳು ಹಾಸಿಗೆಯಂತೆ ತಡೆದಿದ್ದವು. ರೆಕ್ಕೆ, ಬಾಲ, ಎರಡು ಸರ್ವೋ ಗೌಡರ ಲೆಕ್ಕಕ್ಕೆ.

ಅವರೂ ಪಾಪ, ನೊಂದುಕೊಂಡರು. ದಪ್ಪನೆಯ ಒಂದು ಜಲ್ಲೆ ಮುರಿದು ಕೈಗಿಟ್ಟರು. ಅದನ್ನು ಸಿಗಿಯುತ್ತಾ ಮನೆಗೆ ಬಂದು ಅಟ್ಟ ಹತ್ತಿದೆ. ಹಲಸಿನಕಾಯಿ ಮೂಗಿನದು ಅಲ್ಲೇ ಇತ್ತು. ರಬ್ಬರ್ ಬ್ಯಾಂಡ್ ಮಾತ್ರ ಸಿಗಲಿಲ್ಲ. ಹೆಂಡತಿ ಕೊತ್ತಂಬರಿ ಕಟ್ಟಿಗೆ ಸುತ್ತಿದ್ದಳು.