ಪಶುವೈದ್ಯ ವಿದ್ಯಾರ್ಥಿಗೆ ಮಾತಿನ ಪಾಠ ಬೇಕೆ?

ರೈತರೊಡನೆ ಮಾತಾಡುವುದನ್ನು ಪಶುವೈದ್ಯ ಪದವಿಯಲ್ಲಿ ಅಂಕವಿರುವ ಪ್ರತ್ಯೇಕ ಪೇಪರಾಗಿ ಕಲಿಸಬೇಕೆ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರ.

ಪರ: ಕೇಳಲು ಬಾರದವನಿಗೆ ರೋಗ ಸಿಗದು

ಹಸು ಮೇವು ಬಿಟ್ಟಿದೆ, ಮೆಲುಕಿಲ್ಲ, ಸಗಣಿ ನೀರಾಗಿ ಹುಳಿ ನಾತ ಬರುತ್ತಿದೆ. ‘ಏನು ತಿನ್ನಿಸಿದ್ರಿ?’ ಎಂದು ವಿದ್ಯಾರ್ಥಿ ಕೇಳುತ್ತಾನೆ. ‘ದಿನಾ ಹಾಕೋ ಹುಲ್ಲೇ ಸಾರ್’ ಎನ್ನುತ್ತಾರೆ ರೈತರು. ಅವನು ಅದನ್ನೇ ಬರೆದುಕೊಂಡು ಅಜೀರ್ಣದ ಪುಡಿ ಕೊಟ್ಟು ಕಳಿಸುತ್ತಾನೆ. ‘ಯಜಮಾನ್ರೇ, ನಿನ್ನೆ ಮೊನ್ನೆ ಮನೇಲಾಗಲಿ ಪಕ್ಕದಲ್ಲಾಗಲಿ ಏನಾದ್ರೂ ಕಾರ್ಯ ಇತ್ತಾ?’ ಎಂದು ಕೇಳಿದ್ದರೆ, ಮದುವೆಯಲ್ಲಿ ಮಿಕ್ಕ ಅನ್ನ ಬಕೆಟ್‌ಗಟ್ಟಲೆ ಹಾಕಿದ ಸಂಗತಿ ಹೊರಗೆ ಬರುತ್ತಿತ್ತು. ಹಾಗೆ ಬಿದ್ದ ಅನ್ನ ಹಸುವಿನ ಹೊಟ್ಟೆಯ ದೊಡ್ಡ ಕೋಣೆಯಾದ ರೂಮೆನ್‌ನಲ್ಲಿ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. 6ರಿಂದ 7ರೊಳಗೆ ಇರಬೇಕಾದ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗೆ ಇಳಿಯಬಹುದು. ಮೈಯ ನೀರೆಲ್ಲ ಹೊಟ್ಟೆಗೆ ಸೇರಿ ಕಣ್ಣು ಗುಳಿ ಬೀಳುತ್ತದೆ, ಹಸು ನೆಲ ಹಿಡಿಯುತ್ತದೆ. ಹುಳಿ ತಗ್ಗಿಸುವ ಸೋಡಾ ಬೈಕಾರ್ಬ್, ಡ್ರಿಪ್, ಮಿತಿ ಮೀರಿದರೆ ಹೊಟ್ಟೆ ಕೊಯ್ದು ಅನ್ನ ತೆಗೆಯುವುದು, ಯಾವುದಕ್ಕೂ ಹೆಚ್ಚು ಹೊತ್ತಿರುವುದಿಲ್ಲ. ರೈತರು ಮುಚ್ಚಿಟ್ಟದ್ದು ಬೈಗುಳದ ಭಯಕ್ಕೆ. ಹಿಂದೊಮ್ಮೆ ಯಾರೋ ಡಾಕ್ಟರು ನಾಲ್ಕು ಜನರೆದುರು ಬೈದಿರುತ್ತಾರೆ.

ಹೀಗೆ ಕೇಳಿ ತಿಳಿಯುವುದು ಹುಟ್ಟುಗುಣ, ಕಲಿಸಲು ಬರದು ಎನ್ನುವವರಿದ್ದಾರೆ. ಕಲಿಸಬಹುದು. ಮೂವರು ವಿದ್ಯಾರ್ಥಿಗಳು ಸಾಕು: ಒಬ್ಬ ರೈತ, ಒಬ್ಬ ಡಾಕ್ಟರು, ಇನ್ನೊಬ್ಬ ನೋಡುವವನು. ರೈತನ ಕೈಗೆ ಕೊಟ್ಟ ಚೀಟಿಯಲ್ಲಿ ಮುಚ್ಚಿಡಬೇಕಾದ ಒಂದು ಸಂಗತಿ ಇರುತ್ತದೆ. ಮೊದಲ ಮಾತು ಮುಗಿಯುವ ಮುನ್ನ ಡಾಕ್ಟರು ಬಾಯಿ ಹಾಕಿದರೇ, ಹೌದು-ಇಲ್ಲ ಉತ್ತರದ ಪ್ರಶ್ನೆ ಎಷ್ಟು ಬಂತು, ಚೀಟಿಯ ಗುಟ್ಟು ಹೊರಬಿತ್ತೇ ಎಂದು ನೋಡುವವನು ಗುರುತು ಹಾಕಿಕೊಳ್ಳುತ್ತಾನೆ. ಹತ್ತು ನಿಮಿಷಕ್ಕೆ ಪಾತ್ರ ಬದಲು. ಮಾತೆಲ್ಲ ರೈತರಾಡುವ ಭಾಷೆಯಲ್ಲೇ ನಡೆಯಬೇಕು. ಬೀದರಿನಲ್ಲಾದರೆ ಮರಾಠಿ, ಉರ್ದುವೂ ಬೇಕಾದೀತು.

ಹೇಳುವುದಕ್ಕೂ ಕ್ರಮವಿದೆ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಔಷಧಿಯ ಟ್ಯೂಬ್ ಹಾಕಬೇಕಾದಾಗ ನಾವು ವಿವರಿಸುವುದು ಮನೆಯ ಗಂಡಸಿಗೆ; ಹಾಲು ಕರೆಯುವವರು ಬಹಳ ಮನೆಗಳಲ್ಲಿ ಹೆಂಗಸರು. ಪೂರ್ತಿ ಹಾಲು ಹಿಂಡಿ, ಮೊಲೆ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಆಮೇಲೆ ಟ್ಯೂಬ್. ಕರೆದಾದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗದಂತೆ ಮುಂದೆ ಮೇವು ಹಾಕಬೇಕು, ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಔಷಧಿಯ ಲೇಬಲ್ಲಿನಲ್ಲಿರುವಷ್ಟು ದಿನ ಆ ಹಾಲು ಡೇರಿಗೆ ಹೋಗಕೂಡದು. ಇಷ್ಟನ್ನೂ ಹೇಳಿ ‘ಈಗ ನೀವೊಂದ್ಸಲ ಹೇಳಿ ನೋಡೋಣಮ್ಮ’ ಎಂದು ಕೇಳಿದಾಗಲೇ ಯಾವುದು ಬಿಟ್ಟುಹೋಗಿದೆ ಎಂದು ತಿಳಿಯುವುದು. ಹುಚ್ಚುನಾಯಿ ರೋಗದ ಶಂಕೆಯಿರುವ ಎಮ್ಮೆಯ ಬಾಯಿಗೆ ಕೈ ಹಾಕಿದವರು ಯಾರ್‍ಯಾರು ಎಂದು ಮನೆಮಂದಿಯನ್ನೆಲ್ಲ ಕೂರಿಸಿ ಕೇಳದಿದ್ದರೆ ಹೋಗುವುದು ಮನುಷ್ಯರ ಪ್ರಾಣ. ಇಷ್ಟು ಮುಖ್ಯವಾದದ್ದನ್ನು ಪಠ್ಯದ ಹೊರಗಿಡಲು ಸಮಯವಿಲ್ಲ ಎಂಬ ನೆಪ ಸಾಲದು.

ವಿರೋಧ: ಮೊದಲು ಕೈ ಪಳಗಲಿ

ಪಶುವೈದ್ಯ ಪದವಿಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇಷ್ಟರಲ್ಲಿ ಹಸು, ಎಮ್ಮೆ, ಕುರಿ, ಹಂದಿ, ಕೋಳಿ, ನಾಯಿ, ಕುದುರೆ ಎಲ್ಲವೂ ಆಗಬೇಕು. ನಗರದ ಕಾಲೇಜು ಆಸ್ಪತ್ರೆಗಳಿಗೆ ನಾಯಿ ಬರುವಷ್ಟು ಹಸು ಬರುವುದಿಲ್ಲ. ಕಷ್ಟದ ಹೆರಿಗೆಯನ್ನು ಸ್ವತಃ ಮಾಡಿಸದೆ ಪದವಿ ಪಡೆಯುವವರಿದ್ದಾರೆ.

ಕರುವಿನ ಮುಂಗಾಲು ಹೊರಬಂದು ತಲೆ ಹಿಂದಕ್ಕೆ ತಿರುಗಿದೆ ಎನ್ನಿ. ಬಾಲದ ಬುಡದಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟು ತಿಣುಕುವುದನ್ನು ತಡೆಯಬೇಕು, ಕರುವನ್ನು ಒಳಕ್ಕೆ ತಳ್ಳಬೇಕು, ಮೂತಿ ಹಿಡಿದು ತಲೆ ನೇರ ಮಾಡಬೇಕು, ಸರಪಳಿಯನ್ನು ಗೊರಸಿನ ಮೇಲಿನ ಗಂಟು ದಾಟಿಸಿ ಕಟ್ಟಬೇಕು. ಆಮೇಲಷ್ಟೇ ಎಳೆತ. ತಲೆ ನೇರ ಮಾಡದೆ ಎಳೆದರೆ ಗರ್ಭಕೋಶ ಹರಿಯಬಹುದು. ತೋಳು ಸೋತು ಬೆರಳು ಮರಗಟ್ಟುವ ಆ ಹೊತ್ತಿನಲ್ಲಿ ಸವಿಮಾತಿನಿಂದ ಆಗುವುದೇನು? ಟೈ ಕಟ್ಟಿದ ತರಬೇತುದಾರರು ಬಂದು ನಗುವುದು ಹೇಗೆ, ಕೈ ಕುಲುಕುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಸ್ಲೈಡು ತೋರಿಸಿ ಹೋಗುವ ಎರಡು ಗಂಟೆಯನ್ನು ಕೊಟ್ಟಿಗೆಯಲ್ಲಿ ಕಳೆಯಬಹುದು.

ರೋಗದ ಹಿನ್ನೆಲೆ ಕೇಳುವುದು ಮೆಡಿಸಿನ್ ವಿಭಾಗದ ಕೆಲಸ, ರೈತರೊಡನೆ ಮಾತು ವಿಸ್ತರಣಾ ವಿಭಾಗದ್ದು. ಎರಡೂ ಈಗಾಗಲೇ ಪಠ್ಯದಲ್ಲಿವೆ. ಚೆನ್ನಾಗಿ ಕಲಿಸುತ್ತಿಲ್ಲ ಎಂದಾದರೆ ಅಲ್ಲೇ ಸರಿಪಡಿಸಲಿ. ಅಂಕ ಇಟ್ಟೊಡನೆ ಅನುಕಂಪವೂ ಐದು ಅಂಶಗಳ ಬಾಯಿಪಾಠವಾಗುತ್ತದೆ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ನೋಡಿ ಬರೆಯುತ್ತಾರೆ. ಬೆಳಗಿನ ಒಪಿಡಿಯಲ್ಲಿ, ನಿಜವಾದ ರೈತರ ಎದುರು ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ತಿದ್ದುವುದಕ್ಕೆ ನನ್ನ ತಕರಾರಿಲ್ಲ. ಇಂಟರ್ನ್‌ಶಿಪ್ ದಿನಚರಿಯಲ್ಲಿ ಅದಕ್ಕೊಂದು ಕಾಲಂ ಬೇಕಾದರೂ ಇಡಲಿ. ತಕರಾರಿರುವುದು ಪ್ರತ್ಯೇಕ ಪೇಪರಿಗೆ.